ತೂತು ಮುಚ್ಚದೆ ಗ್ಯಾಸ್ ತುಂಬುವ ವ್ಯವಹಾರ

ಬ್ಯಾಸಗಿ ಬಂತೆಂದರೆ ಮನೋಳಿಯ ಬಾಡಿಗೆ ಕಾರಿನವರ ಬಾಯಲ್ಲಿ ಒಂದೇ ಮಾತು: "ಎಸಿ ತಂಪ ಆಗವಲ್ದರೀ, ಗ್ಯಾಸ್ ಹೋಗೇತಿ." ಗ್ಯಾರೇಜಿನ ಉತ್ತರವೂ ಒಂದೇ: "ತುಂಬಿಸಿದ್ರ ಆತು, ತಗೊಂಡ ಬರ್ರಿ." ತುಂಬಿಸುತ್ತಾರೆ, ರೊಕ್ಕ ಎಣಿಸುತ್ತಾರೆ, ಗಾಡಿ ತಂಪಾಗುತ್ತದೆ. ಮುಂದಿನ ಬ್ಯಾಸಗಿಗೆ ಮತ್ತೆ ಅದೇ ಮಾತು, ಮತ್ತೆ ರೊಕ್ಕ. ತೂತು ಕೊಡಕ್ಕೆ ನೀರು ಹೊತ್ತಂತೆ!

ಎಸಿ ಗ್ಯಾಸು ಪೆಟ್ರೋಲಿನಂತೆ ಉರಿದು ಮುಗಿಯುವಂಥದ್ದಲ್ಲ. ಮುಚ್ಚಿದ ಕೊಳವೆಯೊಳಗೆ ಅದೇ ಗ್ಯಾಸು ಸುತ್ತುತ್ತಿರುತ್ತದೆ. ರಬ್ಬರ್ ಪೈಪುಗಳಿಂದ ವರ್ಷಕ್ಕೆ ಒಂದಿಷ್ಟು ಸೋರುವುದು ಸಹಜ. ಆದರೆ ವರ್ಷಾ ವರ್ಷಾ ಖಾಲಿ ಆಗುತ್ತಿದ್ದರೆ ಎಲ್ಲೋ ತೂತು ಇದೆಯೆಂದೇ ಅರ್ಥ. ಅದನ್ನು ಹುಡುಕುವುದೇ ರಿಪೇರಿ. ತುಂಬುವುದು ಅದರ ಕೊನೆಯ ಕೆಲಸ.

ಹುಡುಕುವುದು ಮಂತ್ರವಿದ್ಯೆಯೇನಲ್ಲ. ಮೊದಲು ಕಣ್ಣು ಬೇಕು. ಗ್ಯಾಸಿನ ಜೊತೆ ಎಣ್ಣೆಯೂ ಹೊರಬೀಳುವುದರಿಂದ, ಸೋರುವ ಜಾಗದಲ್ಲಿ ಧೂಳು ಹಿಡಿದ ಜಿಡ್ಡಿನ ಕಲೆ ಇರುತ್ತದೆ. ಗಾಡಿಯ ಮುಂದಿನ ಕಂಡೆನ್ಸರಿಗೆ ರಸ್ತೆಯ ಕಲ್ಲು ಬಡಿದಿರಬಹುದು. ಜಾಯಿಂಟಿನ ರಬ್ಬರ್ ಉಂಗುರ ಒಣಗಿರಬಹುದು. ಕಂಪ್ರೆಸರಿನ ಸೀಲು, ಗ್ಯಾಸ್ ತುಂಬುವ ವಾಲ್ವು ಇವನ್ನೂ ನೋಡಬೇಕು. ಒಣ ನೈಟ್ರೋಜನ್ ಒತ್ತಡ ಕೊಟ್ಟು ಸಾಬೂನಿನ ನೊರೆ ಹಚ್ಚಿದರೆ ದೊಡ್ಡ ಸೋರಿಕೆ ಗುಳ್ಳೆ ಎಬ್ಬಿಸಿ ತಾನೇ ಹೇಳುತ್ತದೆ. ಆಕ್ಸಿಜನ್ ಮಾತ್ರ ಎಂದೂ ಬಿಡಬಾರದು. ಎಣ್ಣೆ ಕೂಡಿದರೆ ಸ್ಫೋಟವಾದೀತು. ಸಣ್ಣ ಸೋರಿಕೆಗೆ ಬಣ್ಣ ಹಾಕಿ ನಾಲ್ಕು ದಿನ ಗಾಡಿ ಓಡಿಸಿ, ನೇರಳಾತೀತ ದೀಪದಲ್ಲಿ ನೋಡಬೇಕು. ಡ್ಯಾಶ್‌ಬೋರ್ಡಿನ ಒಳಗಿನ ಕೂಲಿಂಗ್ ಕಾಯಿಲ್ ಕಣ್ಣಿಗೆ ಬೀಳದು. ಅದಕ್ಕೆ ನೀರು ಇಳಿಯುವ ಪೈಪಿನ ಬಾಯಿಗೆ ಡಿಟೆಕ್ಟರ್ ಹಿಡಿಯಬೇಕು. ಅಲ್ಲಿಂದ ತೊಟ್ಟಿಕ್ಕುವ ನೀರು ಗ್ಯಾಸಲ್ಲ, ಗಾಳಿಯ ತೇವ ಅಷ್ಟೇ. ಅದಕ್ಕೆ ಯಾರೂ ಹೆದರಬೇಕಿಲ್ಲ.

ಓಡುವಾಗ ತಂಪು, ನಿಂತಾಗ ಬಿಸಿ ಎಂದರೆ ತಪ್ಪು ಬಹುಶಃ ಮುಂದಿನ ಫ್ಯಾನಿನದು. ಗಾಳಿಯೇ ಸರಿಯಾಗಿ ಬರದಿದ್ದರೆ ಫಿಲ್ಟರು ನೋಡಿರಿ. ನಮ್ಮ ಎರೆಭೂಮಿಯ ಧೂಳಿಗೆ ಅದು ಕಟ್ಟಿಕೊಳ್ಳುವುದು ಹೆಚ್ಚಲ್ಲ. ಇವನ್ನು ನೋಡದೆ ಗ್ಯಾಸ್ ತುಂಬಿದರೆ ಹೊಟ್ಟೆನೋವಿಗೆ ಕಣ್ಣಿನ ಔಷಧ ಹಾಕಿದಂತಾದೀತು.

ತೂತು ಸಿಕ್ಕಿ ಮುಚ್ಚಿದ ಮೇಲೆ ಅರ್ಧ ತಾಸಾದರೂ ವ್ಯಾಕ್ಯೂಮ್ ಎಳೆಯಬೇಕು. ಆಮೇಲೆ ಮುಚ್ಚಿ ಮುಳ್ಳು ಏರುತ್ತದೋ ನೋಡಬೇಕು. ಏರಿದರೆ ಇನ್ನೂ ತೂತು ಇದೆ, ಇಲ್ಲವೇ ಒಳಗೆ ತೇವ ಉಳಿದಿದೆ. ಕೊನೆಗೆ ಬಾನೆಟ್ಟಿನ ಕೆಳಗೆ ಬರೆದಷ್ಟೇ ಗ್ರಾಂ ತೂಗಿ ತುಂಬಬೇಕು. ಸಣ್ಣ ಕಾರಿಗೆ ಹಿಡಿಯುವುದೇ ಅರ್ಧ ಕಿಲೋ ಆಸುಪಾಸು. ಅಂದಾಜಿನ ಮೇಲೆ ತುಂಬಿದರೆ ಹೆಚ್ಚಾದರೂ ಕೇಡು, ಕಡಿಮೆಯಾದರೂ ಕೇಡು. ಗ್ಯಾಸಿನೊಡನೆ ಸುತ್ತುವ ಎಣ್ಣೆಯೇ ಕಂಪ್ರೆಸರಿನ ಜೀವ. ಅದು ಹೋದರೆ ಕಂಪ್ರೆಸರೇ ಜಾಮ್. ಸಣ್ಣ ಉಂಗುರದ ಅಸಡ್ಡೆಗೆ ದುಡಿಯುವವನ ಎಷ್ಟೋ ದಿನಗಳ ಬಾಡಿಗೆ ದಂಡ!

ಇನ್ನೊಂದು ಮಾತು. ಇಂದು ಬಹಳಷ್ಟು ಕಾರುಗಳಲ್ಲಿರುವ ಆರ್-134ಎ ಗ್ಯಾಸು ಓಝೋನ್ ಪದರಕ್ಕೆ ಕೇಡು ಮಾಡದು. ಆದರೆ ಭೂಮಿ ಕಾಯಿಸುವುದರಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸಾವಿರಕ್ಕೂ ಹೆಚ್ಚು ಪಟ್ಟು ಜೋರು. ಇಂಥ ಗ್ಯಾಸುಗಳನ್ನು ತಗ್ಗಿಸುವ 2016ರ ಕಿಗಾಲಿ ಒಪ್ಪಂದಕ್ಕೆ ಭಾರತ 2021ರಲ್ಲಿ ಒಪ್ಪಿಗೆ ಕೊಟ್ಟಿದೆ. ದಿಲ್ಲಿಯಲ್ಲಿ ಒಪ್ಪಿಗೆ, ಮನೋಳಿಯಲ್ಲಿ ಪುಸ್ಸೆಂದು ಗಾಳಿಗೆ ಬಿಡುವುದು! ಮಲಪ್ರಭೆಯ ನೀರಿಗೆ ಎದುರು ನೋಡುವ ರೈತನಿಗೆ ಬಿಸಿಲೇರಿದರೆ ಏನಾದೀತೆಂದು ಬಿಡಿಸಿ ಹೇಳಬೇಕೆ?

ತಪ್ಪು ಮೆಕ್ಯಾನಿಕನೊಬ್ಬನದೇ ಅಲ್ಲ. "ಗುಡ್ಡಕ್ಕ ಮಂದಿ ಕರಕೊಂಡ ಹೋಗಬೇಕು, ಲಗೂ ಮಾಡೋ ತಮ್ಮಾ" ಎಂದು ತಲೆಯ ಮೇಲೆ ಕೂಡುವ ಗಿರಾಕಿಗೂ ಪಾಲಿದೆ. ತೂತು ಹುಡುಕುವ ದುಡಿಮೆಗೆ ಕೂಲಿ ಕೊಡಲು ನಾವು ತಯಾರಿರಬೇಕು. ಗ್ಯಾರೇಜಿನವರೂ ನಾಲ್ಕು ಮಂದಿ ಕೂಡಿ ಒಂದು ಡಿಟೆಕ್ಟರ್, ಒಂದು ತೂಕದ ಯಂತ್ರ ಕೊಂಡರೆ ಯಾರಿಗೂ ಭಾರವಾಗದು. ಬಿಲ್ಲಿನಲ್ಲಿ ಮೂರು ಮಾತು ಇರಲಿ: ತೂತು ಎಲ್ಲಿತ್ತು, ವ್ಯಾಕ್ಯೂಮ್ ಎಷ್ಟು ಹೊತ್ತು, ಗ್ಯಾಸ್ ಎಷ್ಟು ಗ್ರಾಂ.

ಮುಂದಿನ ಸಲ "ತುಂಬಿಸಿದ್ರ ಆತು" ಎಂದರೆ ರೊಕ್ಕ ತೆಗೆಯುವ ಮೊದಲು ಕೇಳಿರಿ: "ಹೋಗಿದ್ದು ಎಲ್ಲಿಂದಪಾ?"