ರ್ಯಾಂಚಿನ ಕನಸು ಮತ್ತು ನಮ್ಮ ಕಾವಲುಗಳು

ಹೊರನಾಡಿನಲ್ಲಿ ನೌಕರಿ ಮಾಡುತ್ತ ನಲವತ್ತು ದಾಟಿದ ಕನ್ನಡಿಗರ ನಡುವೆ ಈಗೊಂದು ಕನಸು ಬಾಯಿಂದ ಬಾಯಿಗೆ ಹರಡುತ್ತಿದೆ. ಇಪ್ಪತ್ತು ವರ್ಷದ ಸೇವೆ ಮುಗಿದೊಡನೆ ಸ್ವಯಂನಿವೃತ್ತಿ, ಊರ ಕಡೆ ಐವತ್ತು ಎಕರೆ ನೆಲ, ಅದರ ತುಂಬ ನಾಟಿ ಹಸುಗಳು. ಅವರು ಇದನ್ನು ತೋಟವೆನ್ನುವುದಿಲ್ಲ, ಹೈನುಗಾರಿಕೆಯೆಂದೂ ಕರೆಯುವುದಿಲ್ಲ, ರ್ಯಾಂಚ್ ಎನ್ನುತ್ತಾರೆ. ಚೆನ್ನೈಯ ನಮ್ಮ ಕಚೇರಿಯಲ್ಲಿಯೇ ಇಬ್ಬರು ಈ ಕನಸಿನಲ್ಲಿದ್ದಾರೆ, ನಾನೂ ಅದಕ್ಕೆ ಹೊರತಲ್ಲ. ಸೇವೆಯಲ್ಲಿರುವಷ್ಟು ಕಾಲ ನಡತೆ ನಿಯಮಗಳು ಖಾಸಗಿ ವ್ಯಾಪಾರಕ್ಕೆ ಅಡ್ಡಬರುವುದರಿಂದ ಕನಸು ಸದ್ಯ ಕನಸಾಗಿಯೇ ಉಳಿದಿದೆ.

ರ್ಯಾಂಚ್ ಎಂಬುದಕ್ಕೆ ಕನ್ನಡದಲ್ಲಿ ಪದ ಹುಡುಕಿದರೆ ಒಂದು ಸಂಗತಿ ಹೊಳೆಯುತ್ತದೆ. ದೊಡ್ಡಿ ಎಂದರೆ ದನ ಕೂಡಿಹಾಕುವ ಜಾಗ. ಗೋಮಾಳ ಊರಿನದು. ಕಾವಲು ಅರಮನೆಯದು. ಒಬ್ಬನೇ ಒಡೆಯನ ಬೇಲಿಯೊಳಗೆ ನೂರಾರು ದನ ಮೇಯುವ ವಿಶಾಲ ಬಯಲಿಗೆ ನಮ್ಮ ಹಿರಿಯರು ಹೆಸರಿಡಲಿಲ್ಲ, ಏಕೆಂದರೆ ಅಂಥದ್ದು ಅವರ ಅನುಭವದಲ್ಲಿ ಇರಲಿಲ್ಲ.

ಆದರೆ ಅಮೆರಿಕದವರೂ ಬೆರಗಾಗುವಂಥ ದನಗಾವಲು ವ್ಯವಸ್ಥೆ ನಮ್ಮಲ್ಲಿತ್ತು. ಮೈಸೂರು ಒಡೆಯರ ಕಾಲದ ‘ಬೆಣ್ಣೆ ಚಾವಡಿ’ಯನ್ನು ಹೈದರ್ ಬೆಳೆಸಿದನು, ಟಿಪ್ಪು ಅದಕ್ಕೆ ಅಮೃತಮಹಲ್ ಎಂದು ಹೆಸರಿಟ್ಟು, ಅದರ ಆಡಳಿತಕ್ಕೆ ಹುಕುಂನಾಮೆ ಹೊರಡಿಸಿದನು. ಬೇಸಿಗೆಗೊಂದು, ಮಳೆಗಾಲಕ್ಕೊಂದು, ಚಳಿಗಾಲಕ್ಕೊಂದು ಎಂದು ಕಾವಲುಗಳನ್ನು ವಿಂಗಡಿಸಲಾಗಿತ್ತು. ಹಿಂಡು ನಿಂತಲ್ಲಿ ನಿಲ್ಲದೆ ಹುಲ್ಲನ್ನು ಹಿಂಬಾಲಿಸುತ್ತಿತ್ತು. ಅಮೃತಮಹಲ್ ಹಸು ಹಾಲಿಗೆ ಹೆಸರಾದದ್ದಲ್ಲ. ಫಿರಂಗಿ ಎಳೆಯುವ ಎತ್ತುಗಳನ್ನು ಹೆರುವುದೇ ಅದರ ಕೆಲಸ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಹಿಂಡು ಬ್ರಿಟಿಷರ ಕೈ ಸೇರಿತು. 1860ರಲ್ಲಿ ಮಿತವ್ಯಯದ ಹೆಸರಿನಲ್ಲಿ ಅದನ್ನು ಮಾರಿ ಚದುರಿಸಿದರು. ಸೈನ್ಯಕ್ಕೆ ಒಳ್ಳೆಯ ಎತ್ತು ಸಿಗದಾದಾಗ 1866ರಲ್ಲಿ ಮತ್ತೆ ಕಟ್ಟಬೇಕಾಯಿತು. ಲೆಕ್ಕಪತ್ರ ವಿಭಾಗದವರು ದನದ ಹಿಂಡನ್ನು ನೋಡುವ ರೀತಿ ಅಂದಿಗೂ ಇಂದಿಗೂ ಹೆಚ್ಚು ಬದಲಾದಂತಿಲ್ಲ.

ಈಗ ಆ ಕಾವಲುಗಳಲ್ಲಿ ಉಳಿದಿರುವುದು ಅಲ್ಪಭಾಗ. ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ತಾಲ್ಲೂಕಿನ ವರವು, ಖುದಾಪುರ, ದೊಡ್ಡ ಉಳ್ಳಾರ್ತಿ ಸೀಮೆಯ ಸುಮಾರು ಹತ್ತು ಸಾವಿರ ಎಕರೆಯಷ್ಟು ಹುಲ್ಲುಗಾವಲು ಕಳೆದ ದಶಕದ ಹೊತ್ತಿಗೆ ರಕ್ಷಣೆ, ಅಣುಶಕ್ತಿ, ಬಾಹ್ಯಾಕಾಶ ಮತ್ತು ವಿಜ್ಞಾನ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕುರಿ ಮೇಯಿಸಿ ಕಂಬಳಿ ನೇಯುತ್ತಿದ್ದವರಿಗೆ ಒಂದು ಮುಂಜಾನೆ ಗೋಡೆ ಎದುರಾಯಿತು. ಆ ವ್ಯಾಜ್ಯ ನಡೆದದ್ದು ನಾವಿರುವ ಈ ಚೆನ್ನೈಯಲ್ಲಿಯೇ, ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ದಕ್ಷಿಣ ಪೀಠದ ಮುಂದೆ. 2014ರ ತೀರ್ಪು ಷರತ್ತುಗಳನ್ನು ವಿಧಿಸಿತು, ಯೋಜನೆಗಳನ್ನು ತಡೆಯಲಿಲ್ಲ. ಕೇಂದ್ರ ಸರ್ಕಾರದ ಸಂಬಳ ಪಡೆಯುವ ನಾನು ಇದರ ಬಗ್ಗೆ ಇಷ್ಟು ಹೇಳಿ ನಿಲ್ಲಿಸುವುದು ವಿವೇಕ.

ಸರ್ಕಾರದ ಗೋಡೆಗೆ ಮರುಗುವ ನಾವು ನಮ್ಮ ಕನಸಿನ ಬೇಲಿಯ ಬಗ್ಗೆ ಏನು ಹೇಳುತ್ತೇವೆ? ಕರ್ನಾಟಕ ಭೂಸುಧಾರಣಾ ಕಾಯ್ದೆಗೆ 2020ರಲ್ಲಿ ತಿದ್ದುಪಡಿಯಾಗಿ, ಕೃಷಿಕನಲ್ಲದವನೂ ಕೃಷಿಭೂಮಿ ಕೊಳ್ಳಬಹುದಾಗಿದೆ. ದಲ್ಲಾಳಿಗಳು ತೋರಿಸುವ ಅಗ್ಗದ ನೆಲ ಬೆಳೆ ಬಾರದ ನೆಲ. ಬೆಳೆ ಬಾರದ ನೆಲದಲ್ಲಿ ಮಳೆ ಬಿದ್ದ ಹದಿನೈದು ದಿನಕ್ಕೆ ಯಾರದೋ ಕುರಿ, ಯಾರದೋ ಎಮ್ಮೆ ಇರುತ್ತದೆ. ಪಹಣಿಯಲ್ಲಿ ಅವುಗಳ ಹೆಸರಿಗೆ ಕಾಲಂ ಇಲ್ಲ. ಐವತ್ತು ಎಕರೆಗೆ ಸೋಲಾರ್ ಬೇಲಿ ಹಾಕಿಸುವ ನಾವು, ದನ ಸಾಕುವ ಮೊದಲು ದನ ಸಾಕುವವರನ್ನು ಹೊರಗಟ್ಟಿರುತ್ತೇವೆ. ಅಮೆರಿಕದ ಬಯಲುಗಳಲ್ಲೂ ಆರಂಭದಲ್ಲಿ ದನ ಮೇಯುತ್ತಿದ್ದುದು ಬೇಲಿಯಿಲ್ಲದ ಸಾರ್ವಜನಿಕ ನೆಲದಲ್ಲಿ. 1874ರಲ್ಲಿ ಗ್ಲಿಡನ್ ಎಂಬಾತ ಮುಳ್ಳುತಂತಿಗೆ ಪೇಟೆಂಟ್ ಪಡೆದ ಮೇಲೆ ಅದು ಮುಚ್ಚುತ್ತ ಹೋಯಿತು. ಇಂಗ್ಲಿಷ್ ಎಂ.ಎ. ತರಗತಿಯಲ್ಲಿ ಸ್ಟೈನ್‌ಬೆಕ್‌ನ ‘ಆಫ್ ಮೈಸ್ ಅಂಡ್ ಮೆನ್’ ಓದಿದವರಿಗೆ ಗೊತ್ತು: ಅಲ್ಲಿ ನೆಲದ ಕನಸು ಕಾಣುವವರು ರ್ಯಾಂಚಿನ ಒಡೆಯರಲ್ಲ, ಕೂಲಿಗಳು, ಅವರು ಬಯಸುವುದೂ ಕೆಲವೇ ಎಕರೆ.

ಇನ್ನು ಗಂಡುಕರುಗಳ ಮಾತು. ಪಶ್ಚಿಮದ ರ್ಯಾಂಚ್ ನಿಂತಿರುವುದು ಮಾಂಸದ ಮೇಲೆ. ನಮ್ಮ ಕಾವಲು ನಿಂತಿದ್ದುದು ಎತ್ತಿನ ಮೇಲೆ. ಟ್ರ್ಯಾಕ್ಟರು ಬಂದು ಎತ್ತಿನ ಬೇಡಿಕೆ ಕುಸಿಯಿತು. ಕರ್ನಾಟಕದಲ್ಲಿ 2021ರಿಂದ ಎತ್ತು, ಹೋರಿಗಳ ವಧೆಗೂ ನಿಷೇಧವಿದೆ. ಆ ಕಾಯ್ದೆಯ ಸರಿತಪ್ಪು ಬೇರೆ ಚರ್ಚೆ. ಆದರೆ ಹುಟ್ಟುವ ಕರುಗಳಲ್ಲಿ ಅರ್ಧ ಗಂಡು ಎಂಬ ಲೆಕ್ಕ ನಾನು ನೋಡಿದ ಯಾವ ಕರಪತ್ರದಲ್ಲೂ ಇಲ್ಲ.

ಕನಸನ್ನು ಪೂರ್ತಿ ಬಿಡಬೇಕೆಂದು ನಾನು ಹೇಳಲಾರೆ. ಈ ತಮಿಳು ನಾಡಿನಲ್ಲಿಯೇ, ಕಾಂಗೇಯಂ ಸೀಮೆಯಲ್ಲಿ, ಕೊರಂಗಾಡು ಎಂಬ ಪದ್ಧತಿಯಿದೆ. ಅದು ಖಾಸಗಿ ಹುಲ್ಲುಗಾವಲು, ಆದರೆ ಕೆಲವೇ ಎಕರೆಯದು. ಸುತ್ತ ಕಿಳುವೈ ಗಿಡದ ಜೀವಂತ ಬೇಲಿ, ನಡುವೆ ಬಿಳಿಜಾಲಿಯ ನೆರಳು, ನೆಲದಲ್ಲಿ ತಾನೇ ಚಿಗುರುವ ಕೊಳುಕ್ಕಟ್ಟೈ ಹುಲ್ಲು. ಹುಲ್ಲಿನ ಅಳತೆಗೆ ತಕ್ಕಷ್ಟೇ ದನ. ಕಾಂಗೇಯಂ ತಳಿ ಬೆಳೆದದ್ದು ಇಂಥ ಬಯಲುಗಳಲ್ಲಿ. ಅದನ್ನು ನಡೆಸುವವರು ವಾರಾಂತ್ಯಕ್ಕೆ ಬಂದುಹೋಗುವವರಲ್ಲ, ಅಲ್ಲಿಯೇ ಇರುವ ರೈತರು.

ಸಹೋದ್ಯೋಗಿ ಮಿತ್ರರು ಮುಂದಿನ ತಿಂಗಳು ಹಿರಿಯೂರಿನ ಕಡೆ ಜಮೀನು ನೋಡಲು ಹೊರಟಿದ್ದಾರೆ, ನನ್ನನ್ನೂ ಕರೆದಿದ್ದಾರೆ. ಪಾಲಿಗೆ ಸೇರುವುದಿಲ್ಲವೆಂದು ತಿಳಿಸಿದ್ದೇನೆ. ಜೊತೆಗೆ ಹೋಗುತ್ತೇನೆ, ದಲ್ಲಾಳಿ ಊಟಕ್ಕೆ ಹೋದ ಹೊತ್ತಿನಲ್ಲಿ, ಆ ನೆಲದಲ್ಲಿ ಮಳೆಗಾಲಕ್ಕೆ ಯಾರ ಕುರಿ ಇಳಿಯುತ್ತವೆಂದು ಊರವರನ್ನು ಕೇಳುವುದಿದೆ.