ಫಾರ್ಮ್ಯಾಟ್ ಮಾಡಿಸುವ ಮುನ್ನ ಖಾತೆವಹಿಯ ಯೋಚನೆ

ಭಟ್ಕಳ, ಹೊನ್ನಾವರ ಮತ್ತು ಕುಮಟಾ ಪಟ್ಟಣಗಳ ಸಣ್ಣ ವ್ಯಾಪಾರಸ್ಥರಲ್ಲಿ ಅನೇಕರಿಗೆ ಪ್ರತ್ಯೇಕ ಕಚೇರಿಯೆಂಬುದಿಲ್ಲ. ಹಗಲು ಅಂಗಡಿಯಲ್ಲಿ ಬರೆದ ಬಿಲ್ಲುಗಳನ್ನು ರಾತ್ರಿ ಮನೆಗೆ ತಂದು, ಮಕ್ಕಳ ಓದಿಗೆಂದು ಕೊಂಡ ಗಣಕಯಂತ್ರದಲ್ಲಿಯೇ ಟ್ಯಾಲಿಗೆ ಏರಿಸುತ್ತಾರೆ, ಜಿ.ಎಸ್.ಟಿ. ವಿವರಪಟ್ಟಿಯೂ ಅಲ್ಲಿಂದಲೇ ಸಲ್ಲಿಕೆಯಾಗುತ್ತದೆ. ಮನೆಯ ಗಣಕಯಂತ್ರ ಕೈಕೊಟ್ಟಿತೆಂದರೆ ವ್ಯಾಪಾರದ ಖಾತೆವಹಿಯೇ ಕೈಕೊಟ್ಟಂತೆ. ಇಷ್ಟಾದರೂ ಆ ಯಂತ್ರ ಸ್ವಲ್ಪ ನಿಧಾನವಾದರೆ ಸಾಕು, “ಒಮ್ಮೆ ಫಾರ್ಮ್ಯಾಟ್ ಮಾಡಿಸಿಬಿಡಿ” ಎಂಬ ಸಲಹೆ ಎಲ್ಲಿಂದಲೋ ಬರುತ್ತದೆ; ನಾವೂ ಹಿಂದುಮುಂದು ನೋಡದೆ ಯಂತ್ರವನ್ನು ಒಪ್ಪಿಸಿಬಿಡುತ್ತೇವೆ. ಈ ಅಭ್ಯಾಸವನ್ನು ನಮ್ಮ ವ್ಯಾಪಾರಿ ಸಮುದಾಯ ಬಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ.

ಈ ಮಾತನ್ನು ಈಗ ಹೇಳಲು ಕಾರಣವಿದೆ. 2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆಯ ಸಾಮಾನ್ಯ ಬೆಂಬಲ ಮುಗಿಯಿತು. 2014ರ ಏಪ್ರಿಲ್‌ನಲ್ಲಿ ವಿಂಡೋಸ್ ಎಕ್ಸ್‌ಪಿಗೆ, 2020ರ ಜನವರಿಯಲ್ಲಿ ವಿಂಡೋಸ್ 7ಕ್ಕೆ ಆದದ್ದೂ ಇದೇ. ವಿಂಡೋಸ್ 11ಕ್ಕೆ ಟಿ.ಪಿ.ಎಂ. 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಇಂಟೆಲ್ ಪ್ರೊಸೆಸರ್ ಆದರೆ ಸಾಮಾನ್ಯವಾಗಿ ಎಂಟನೆಯ ಪೀಳಿಗೆ ಅಥವಾ ಅದರ ನಂತರದ್ದಾಗಿರಬೇಕು. ಅದಕ್ಕೂ ಹಳೆಯ ಯಂತ್ರಗಳಿಗೆ ಈ ನಿಯಮಗಳನ್ನು ತಪ್ಪಿಸಿ ಹೊಸ ವಿಂಡೋಸ್ ಹಾಕಿಕೊಡುವ ತಂತ್ರಜ್ಞರಿದ್ದಾರೆ. ಹಾಗೆ ಹಾಕಿದ ಯಂತ್ರಕ್ಕೆ ಮುಂದಿನ ಪರಿಷ್ಕರಣೆಗಳು ದೊರೆಯುತ್ತವೆಂಬ ಭರವಸೆಯನ್ನು ಸಂಸ್ಥೆ ನೀಡುವುದಿಲ್ಲವೆಂಬುದನ್ನು ಮಾತ್ರ ಅವರು ಹೇಳುವುದು ಕಡಿಮೆ.

ಮೊದಲು ಕಾನೂನಿನ ಮಾತು. ಕೇಂದ್ರ ಜಿ.ಎಸ್.ಟಿ. ಕಾಯ್ದೆಯ 36ನೇ ಕಲಮಿನಂತೆ ಲೆಕ್ಕಪತ್ರಗಳನ್ನು ಆಯಾ ವರ್ಷದ ವಾರ್ಷಿಕ ವಿವರಪಟ್ಟಿಯ ಕೊನೆಯ ದಿನಾಂಕದಿಂದ 72 ತಿಂಗಳವರೆಗೆ ಕಾಪಾಡಿಕೊಂಡಿರಬೇಕು. ನಿಯಮಾವಳಿಯ 57ನೇ ನಿಯಮವು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಗಣಕೀಕೃತ ಲೆಕ್ಕಗಳಿಗೆ ಸರಿಯಾದ ಬ್ಯಾಕಪ್ ಇರಬೇಕೆಂದೂ, ಅಪಘಾತದಿಂದಲೋ ಪ್ರಕೃತಿ ವಿಕೋಪದಿಂದಲೋ ಮೂಲ ನಾಶವಾದರೆ ಸೂಕ್ತ ಸಮಯದೊಳಗೆ ಅದನ್ನು ಮರಳಿ ಪಡೆಯುವಂತಿರಬೇಕೆಂದೂ ಹೇಳುತ್ತದೆ. “ಫಾರ್ಮ್ಯಾಟ್ ಮಾಡಿದವನು ಅಳಿಸಿಬಿಟ್ಟ” ಎಂಬುದು ಅಧಿಕಾರಿಯ ಮುಂದೆ ಉತ್ತರವಾಗಲಾರದು. ಪ್ರಕೃತಿ ವಿಕೋಪವೆಂಬುದು ನಮ್ಮ ಕರಾವಳಿಗೆ ಬರಿಯ ಕಾಗದದ ಮಾತೂ ಅಲ್ಲ. 2022ರ ಆಗಸ್ಟ್ ಆರಂಭದಲ್ಲಿ ಭಟ್ಕಳದಲ್ಲಿ ಒಂದೇ ದಿನ 500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿದು ನೀರು ಅಂಗಡಿ ಮನೆಗಳಿಗೆ ನುಗ್ಗಿದ್ದನ್ನು ಯಾರೂ ಮರೆತಿರಲಾರರು.

ಲೆಕ್ಕ ಕಳೆದುಹೋಗುವುದು ಹೇಗೆ? ತಂತ್ರಜ್ಞರಲ್ಲಿ ಬಹುತೇಕರು ‘ಸಿ’ ಡ್ರೈವ್ ಅಳಿಸುತ್ತಾರೆ, ‘ಡಿ’ ಡ್ರೈವ್ ಮುಟ್ಟುವುದಿಲ್ಲ. ಗ್ರಾಹಕನೂ ತನ್ನ ಕಡತಗಳೆಲ್ಲ ‘ಡಿ’ಯಲ್ಲಿವೆಯೆಂದು ನಂಬಿರುತ್ತಾನೆ. ಆದರೆ ಡೆಸ್ಕ್‌ಟಾಪ್ ಮೇಲೆ ಕಾಣುವುದೆಲ್ಲ ಇರುವುದು ‘ಸಿ’ಯಲ್ಲಿ. ಟ್ಯಾಲಿಯನ್ನು ಅಳವಡಿಸುವಾಗ ಬೇರೆ ಜಾಗ ಸೂಚಿಸದಿದ್ದರೆ ಅದರ ದತ್ತಾಂಶವೂ ಸಾಮಾನ್ಯವಾಗಿ ‘ಸಿ’ಯಲ್ಲಿಯೇ ಉಳಿದಿರುತ್ತದೆ. ಆದುದರಿಂದ ಯಂತ್ರವನ್ನು ಒಪ್ಪಿಸುವ ಮೊದಲು ಟ್ಯಾಲಿಯನ್ನು ತೆರೆದು, ದತ್ತಾಂಶದ ದಾರಿ ಯಾವುದೆಂದು ನೋಡಿ ಬರೆದುಕೊಳ್ಳಬೇಕು. ಬ್ಯಾಕಪ್ ಅನ್ನು ಹೊರಗಿನ ಡಿಸ್ಕಿಗೆ ತೆಗೆಯಬೇಕು. ಆ ಬ್ಯಾಕಪ್ ಇನ್ನೊಂದು ಯಂತ್ರದಲ್ಲಿ ತೆರೆಯುತ್ತದೆಯೇ ಎಂದು ಪರೀಕ್ಷಿಸಬೇಕು. ಮೂರನೆಯದನ್ನು ಮಾಡುವವರು ವಿರಳ. ಹೊಸ ಆವೃತ್ತಿಯ ಟ್ಯಾಲಿಯಲ್ಲಿ ಇಟ್ಟ ಲೆಕ್ಕವು ಹಳೆಯ ಆವೃತ್ತಿಯಲ್ಲಿ ತೆರೆಯದಿರಬಹುದಾದ್ದರಿಂದ ಆವೃತ್ತಿಯ ಸಂಖ್ಯೆಯನ್ನೂ ಗುರುತು ಹಾಕಿಕೊಳ್ಳುವುದು ಒಳ್ಳೆಯದು.

ಬಿಟ್‌ಲಾಕರ್ ಕೀಲಿಯೂ ಇಷ್ಟೇ ಮುಖ್ಯ. ಇತ್ತೀಚಿನ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ, ಮೈಕ್ರೋಸಾಫ್ಟ್ ಖಾತೆಯ ಮೂಲಕ ಪ್ರವೇಶಿಸಿದೊಡನೆ ಡಿಸ್ಕ್ ತಾನಾಗಿಯೇ ಗೂಢಲಿಪಿಗೆ ತಿರುಗುತ್ತದೆ. ಮಾಲೀಕನಿಗೆ ಅದರ ಸುಳಿವೂ ಇರುವುದಿಲ್ಲ. ವಿಂಡೋಸ್ ಮರುಸ್ಥಾಪನೆಯ ನಂತರ ‘ಡಿ’ ಡ್ರೈವ್ ಬೀಗದ ಚಿಹ್ನೆ ತೋರಿಸಿ 48 ಅಂಕಿಗಳ ಕೀಲಿ ಕೇಳಿದಾಗಲೇ ವಿಷಯ ತಿಳಿಯುವುದು. ಆ ಕೀಲಿ ಸಾಮಾನ್ಯವಾಗಿ ಆ ಖಾತೆಯಲ್ಲಿಯೇ ಇರುತ್ತದೆ. ಖಾತೆಯನ್ನು ತೆರೆದುಕೊಟ್ಟವನು ಅಂಗಡಿಯವನಾಗಿದ್ದು, ಗುಪ್ತಪದ ಅವನಿಗೂ ನೆನಪಿಲ್ಲದಿದ್ದರೆ ಆ ಡಿಸ್ಕಿನಲ್ಲಿರುವುದು ಇದ್ದೂ ಇಲ್ಲದಂತೆ.

ಇನ್ನು ಮರುಸ್ಥಾಪನೆಯ ನಂತರದ ತೊಂದರೆಗಳು. ಇವುಗಳಲ್ಲಿ ಬಹುಪಾಲು ಚಿಕ್ಕವು. ಮತ್ತೊಮ್ಮೆ ಫಾರ್ಮ್ಯಾಟ್ ಮಾಡಿಸುವಂಥವಲ್ಲ. ಅಂತರ್ಜಾಲವೇ ಬರುತ್ತಿಲ್ಲವೆಂದರೆ ನೆಟ್‌ವರ್ಕ್ ಡ್ರೈವರ್ ಸೇರಿಲ್ಲವೆಂದು ಊಹಿಸಬಹುದು. ಡಿವೈಸ್ ಮ್ಯಾನೇಜರ್ ತೆರೆದರೆ ಹಳದಿ ಗುರುತು ಕಾಣುತ್ತದೆ. ಮೊಬೈಲನ್ನು ಯು.ಎಸ್.ಬಿ. ತಂತಿಯಿಂದ ಜೋಡಿಸಿ ಅದರ ಅಂತರ್ಜಾಲವನ್ನೇ ಎರವಲು ಪಡೆದು, ತಯಾರಕರ ಜಾಲತಾಣದಿಂದ ಆ ಮಾದರಿಯ ಡ್ರೈವರ್ ಇಳಿಸಿಕೊಂಡರೆ ಕೆಲಸ ಮುಗಿಯಿತು. ಅಂತರ್ಜಾಲ ಇದ್ದೂ ಬ್ಯಾಂಕ್ ಮತ್ತು ಜಿ.ಎಸ್.ಟಿ. ತಾಣಗಳು ಮಾತ್ರ ‘ಸುರಕ್ಷಿತವಲ್ಲ’ ಎನ್ನುತ್ತಿದ್ದರೆ ಮೊದಲು ದಿನಾಂಕವನ್ನು ನೋಡಬೇಕು. ಮದರ್‌ಬೋರ್ಡಿನ ಮೇಲಿನ ನಾಣ್ಯದಂಥ ಬ್ಯಾಟರಿ ಸತ್ತರೆ ಪ್ರತಿ ಸಲವೂ ಗಡಿಯಾರ ಹಿಂದಕ್ಕೆ ಹೋಗುತ್ತದೆ. ಮನೆಯವರು ಗಲ್ಫ್ ದೇಶಗಳಲ್ಲಿದ್ದು ಯಂತ್ರ ತಿಂಗಳುಗಟ್ಟಲೆ ವಿದ್ಯುತ್ತಿಲ್ಲದೆ ಇರುವ ಭಟ್ಕಳದ ಮನೆಗಳಲ್ಲಿ ಇದು ಅಚ್ಚರಿಯ ಸಂಗತಿಯಲ್ಲ. ಸಿಆರ್2032 ಎಂಬ ಆ ಬ್ಯಾಟರಿಗೆ ಹೆಚ್ಚಿನ ಬೆಲೆಯೇನಿಲ್ಲ.

ಕನ್ನಡದ ಕಡತಗಳು ಕೆಟ್ಟುಹೋದವೆಂಬ ದೂರು ನಮ್ಮ ನಾಡಿನದೇ ವಿಶೇಷ. ಹಿಂದೆ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚು ಮಾಡಿದ ಕರಾರುಪತ್ರ, ಬಾಡಿಗೆ ಚೀಟಿ, ಸಂಘದ ನಡವಳಿಗಳು ಮರುಸ್ಥಾಪನೆಯ ನಂತರ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತವೆ. ವೈರಸ್ ಬಂತೆಂದು ಹೆದರಿ ಅಳಿಸಿದವರಿದ್ದಾರೆ. ಕಡತಕ್ಕೆ ಏನೂ ಆಗಿರುವುದಿಲ್ಲ. ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ರೂಪಗಳನ್ನು ಕೂರಿಸಿದ್ದವು. ಫಾಂಟು ಅಳಿದಾಗ ಕೆಳಗಿನ ಇಂಗ್ಲಿಷ್ ಮೇಲೆ ಬಂದಿದೆ, ಅಷ್ಟೆ. ಅದೇ ಫಾಂಟನ್ನು ಪುನಃ ಸೇರಿಸಿದರೆ ಪತ್ರ ಮೊದಲಿನಂತೆ ಓದಲು ಸಿಗುತ್ತದೆ. ಆಗಲೇ ಅದನ್ನು ಯೂನಿಕೋಡಿಗೆ ಪರಿವರ್ತಿಸಿಕೊಂಡರೆ ಮುಂದಿನ ಸಲ ಈ ತಾಪತ್ರಯವಿಲ್ಲ. ಎಕ್ಸ್‌ಪಿ ಕಾಲದಿಂದ ಬಂದ ತುಂಗಾ ಫಾಂಟ್ ಕೂಡ ವಿಂಡೋಸ್ 10ರಿಂದೀಚೆಗೆ ಐಚ್ಛಿಕ ಭಾಗವಾಗಿದ್ದು, ಬೇಕೆಂದವರು ಸೆಟ್ಟಿಂಗ್ಸ್ ಮೂಲಕ ಕನ್ನಡದ ಪೂರಕ ಫಾಂಟುಗಳನ್ನು ಸೇರಿಸಿಕೊಳ್ಳಬೇಕು.

ಡಾಟ್ ಮ್ಯಾಟ್ರಿಕ್ಸ್ ಮುದ್ರಕದಲ್ಲಿ ಬಿಲ್ಲು ಅರ್ಧ ಪುಟ ಬಿಟ್ಟು ಮುದ್ರಣವಾಗುತ್ತಿದ್ದರೆ ಮುದ್ರಕ ಕೆಟ್ಟಿಲ್ಲ. ಹಿಂದೆ ನಮೂದಿಸಿದ್ದ ಕಾಗದದ ಅಳತೆ ಅಳಿಸಿಹೋಗಿದೆ. ಡಿಜಿಟಲ್ ಸಹಿಯ ವಿಷಯದಲ್ಲಿಯೂ ಗಾಬರಿ ಬೇಡ. ಸಹಿ ಇರುವುದು ಯು.ಎಸ್.ಬಿ. ಟೋಕನ್ನಿನೊಳಗೆ, ಯಂತ್ರದಲ್ಲಿ ಅಲ್ಲ. ಟೋಕನ್ನಿನ ಡ್ರೈವರ್ ಮತ್ತು ಜಿ.ಎಸ್.ಟಿ. ತಾಣದ ಸಹಿ ತಂತ್ರಾಂಶವನ್ನು ಮರಳಿ ಹಾಕಿದರೆ ಸಾಕು. ಆದರೆ ಗುಪ್ತಪದವನ್ನು ಅಂದಾಜಿನ ಮೇಲೆ ಪದೇ ಪದೇ ಒತ್ತಿದರೆ ಟೋಕನ್ ಬೀಗ ಹಾಕಿಕೊಳ್ಳುತ್ತದೆ.

ಪರವಾನಗಿಯ ಬಗೆಗೆ ನಿಷ್ಠುರವಾಗಿ ಒಂದು ಮಾತು. ವಿಂಡೋಸ್ ಸಮೇತ ಕೊಂಡ ಲ್ಯಾಪ್‌ಟಾಪ್‌ಗಳಲ್ಲಿ ಅದರ ಕೀಲಿ ಸಾಮಾನ್ಯವಾಗಿ ಯಂತ್ರದೊಳಗೆಯೇ ಅಡಕವಾಗಿರುತ್ತದೆ. ಅದೇ ಆವೃತ್ತಿಯನ್ನು ಹಾಕಿದರೆ ಅಂತರ್ಜಾಲ ಸಿಕ್ಕಿದೊಡನೆ ತಾನಾಗಿ ಊರ್ಜಿತವಾಗುತ್ತದೆ. ನಡೆಯುವುದೇನೆಂದರೆ, ‘ಹೋಮ್’ ಪರವಾನಗಿಯ ಯಂತ್ರಕ್ಕೆ ಪೆನ್‌ಡ್ರೈವಿನಲ್ಲಿ ಸಿದ್ಧವಿರುವ ‘ಪ್ರೊ’ ಹಾಕುತ್ತಾರೆ, ಅದು ಊರ್ಜಿತವಾಗುವುದಿಲ್ಲ, ಆಮೇಲೆ ಎಲ್ಲಿಂದಲೋ ತಂದ ಕಳ್ಳ ತಂತ್ರಾಂಶದಿಂದ ಸರಿಪಡಿಸುತ್ತಾರೆ. ಹಣ ಕೊಟ್ಟು ಕೊಂಡ ಪರವಾನಗಿ ಕೈಯಲ್ಲಿದ್ದೂ ಬ್ಯಾಂಕ್ ವ್ಯವಹಾರದ ಯಂತ್ರದಲ್ಲಿ ಕಳ್ಳನನ್ನು ಕೂರಿಸಿಕೊಂಡಂತಾಯಿತು. ದೀಪಾವಳಿಯ ಅಂಗಡಿ ಪೂಜೆಯಲ್ಲಿ ಅದೇ ಯಂತ್ರಕ್ಕೆ ಕುಂಕುಮ ಹಚ್ಚಿ ಮಲ್ಲಿಗೆ ಮುಡಿಸುತ್ತೇವೆ!

ಅಳಿಸಿದ ಮೇಲೆ ಎಚ್ಚರವಾದವರಿಗೂ ದಾರಿ ಪೂರ್ಣ ಮುಚ್ಚಿಲ್ಲ. ಡಿಸ್ಕನ್ನು ಅಳಿಸದೆ ಹಳೆಯದರ ಮೇಲೆಯೇ ವಿಂಡೋಸ್ ಹಾಕಿದ್ದರೆ ‘ಸಿ’ಯಲ್ಲಿ ‘ವಿಂಡೋಸ್ ಡಾಟ್ ಓಲ್ಡ್’ ಎಂಬ ಕೋಶದೊಳಗೆ ಹಿಂದಿನ ಕಡತಗಳು ಇರುತ್ತವೆ. ಸುಮಾರು ಹತ್ತು ದಿನಗಳ ನಂತರ ಅದನ್ನು ಯಂತ್ರವೇ ಅಳಿಸಿಬಿಡಬಹುದು, ಆದ್ದರಿಂದ ತಡಮಾಡಬಾರದು. ನಿಜಕ್ಕೂ ಫಾರ್ಮ್ಯಾಟ್ ಆಗಿದ್ದರೆ ಯಂತ್ರವನ್ನು ಒಡನೆಯೇ ಆರಿಸಿ, ಹೊಸದೇನನ್ನೂ ಬರೆಯದೆ ಪರಿಣತರಿಗೆ ಕೊಡಬೇಕು. ಹಳೆಯ ತಿರುಗುವ ಹಾರ್ಡ್‌ಡಿಸ್ಕಿನಿಂದ ಸಾಕಷ್ಟು ಮರಳಿ ಬರುವ ಸಂಭವವಿದೆ. ಎಸ್.ಎಸ್.ಡಿ.ಯಲ್ಲಿ ಆ ಆಸೆ ತೀರ ಕಡಿಮೆ.

ನಮ್ಮ ತಂತ್ರಜ್ಞರನ್ನು ದೂಷಿಸುವುದು ನನ್ನ ಉದ್ದೇಶವಲ್ಲ. ಫಾರ್ಮ್ಯಾಟಿಗೆ ಇಂತಿಷ್ಟು ಎಂದು ಚೌಕಾಸಿ ಮಾಡಿ, ಸಂಜೆಯೊಳಗೆ ಬೇಕೆಂದು ಅವಸರಿಸುವವರು ನಾವೇ. ದೋಷ ಹುಡುಕಲು ಮೂರು ತಾಸು ಕುಳಿತವನಿಗೆ ಕೂಲಿ ಕೊಡಲು ಮನಸ್ಸು ಬಾರದಿದ್ದರೆ ಅವನು ಇಪ್ಪತ್ತು ನಿಮಿಷದ ಕೆಲಸವನ್ನೇ ಆರಿಸಿಕೊಳ್ಳುತ್ತಾನೆ. 19ನೇ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಕುಮಟಾ ಬಂದರಿನಿಂದ ಮುಂಬಯಿಗೆ ಹೋಗುತ್ತಿದ್ದಾಗ, ಯಾವ ಸಾಹುಕಾರನೂ ತನ್ನ ವಹಿಯನ್ನು ರಟ್ಟು ಕಟ್ಟುವವನ ಬಳಿ ಎಣಿಸದೆ ಬಿಟ್ಟುಬರುತ್ತಿದ್ದನೆಂದು ನನಗೆ ತೋರುವುದಿಲ್ಲ.

ಆದ್ದರಿಂದ ಮೂರೂ ಪಟ್ಟಣಗಳ ವ್ಯಾಪಾರಿ ಸಂಘಗಳು ಒಂದು ಪುಟದ ಒಪ್ಪಿಗೆ ಪತ್ರವನ್ನು ಮುದ್ರಿಸಿ ಸದಸ್ಯರಿಗೂ ದುರಸ್ತಿ ಅಂಗಡಿಗಳಿಗೂ ಹಂಚಬೇಕು. ಯಂತ್ರದ ಮಾದರಿ, ವಿಂಡೋಸ್ ಆವೃತ್ತಿ, ಟ್ಯಾಲಿಯ ದತ್ತಾಂಶ ಎಲ್ಲಿದೆ, ಬ್ಯಾಕಪ್ ಯಾರ ಬಳಿ ಇದೆ, ಯಾವ ಡ್ರೈವ್ ಅಳಿಸಲು ಒಪ್ಪಿಗೆಯಿದೆ ಎಂಬಿಷ್ಟನ್ನು ಅದರಲ್ಲಿ ಬರೆದು ಇಬ್ಬರೂ ರುಜು ಹಾಕಲಿ. ಮರಳಿ ಪಡೆಯುವಾಗ ಒಂದು ಬಿಲ್ಲು ಮುದ್ರಿಸಿ, ಹಳೆಯ ವರ್ಷದ ಒಂದು ಖಾತೆ ತೆರೆದು ನೋಡಿದ ಮೇಲೆಯೇ ಹಣ ಕೊಡುವ ಪದ್ಧತಿ ಬರಲಿ. ಮಾಸಿಕ ವಿವರಪಟ್ಟಿ ಸಲ್ಲಿಸುವವರಿಗೆ 11ನೇ ತಾರೀಖು ಜಿ.ಎಸ್.ಟಿ.ಆರ್.-1ಕ್ಕೂ 20ನೇ ತಾರೀಖು 3ಬಿಗೂ ಕೊನೆಯ ದಿನವಾಗಿರುವುದರಿಂದ, ಮರುಸ್ಥಾಪನೆ ಅನಿವಾರ್ಯವೇ ಆದರೆ ಅದನ್ನು 20 ಕಳೆದ ಮೇಲೆ ಇಟ್ಟುಕೊಳ್ಳುವುದು ಲೇಸು.