ಶಾಲೆ ತೆರೆಯುವ ಮುನ್ನ

ಕಳೆದ ಜೂನ್ ತಿಂಗಳ ಎರಡನೆಯ ವಾರ. ನಮ್ಮ ಉಪನಗರದ ಕನ್ನಡ ಮಾಧ್ಯಮ ಶಾಲೆಯೊಂದರ ಶಿಕ್ಷಕಿಯೊಬ್ಬರು ಸಂಜೆಯ ಹೊತ್ತು ಸಂಘದ ಕಚೇರಿಗೆ ಬಂದರು. ಕೈಯಲ್ಲಿ ಮರಾಠಿಯ ಐದು ಸುತ್ತೋಲೆಗಳು. "ಸರ್, ನಾಳೆ ಹನ್ನೊಂದರೊಳಗೆ ಇಷ್ಟೂ ಮಾಹಿತಿ ತುಂಬಿ ಕಳಿಸಬೇಕಂತೆ. ಸಂಘದ ಕಂಪ್ಯೂಟರಿನ ಮುಂದೆ ಸ್ವಲ್ಪ ಹೊತ್ತು ಕೂತುಕೊಳ್ಳಲೇ?" ಎಂದು ಕೇಳಿದರು. ಓದಿ ನೋಡಿದೆ. ಐದರಲ್ಲಿ ಮೂರು ಸುತ್ತೋಲೆಗಳು ಕೇಳುತ್ತಿದ್ದುದು ಒಂದೇ ಸಂಗತಿಯನ್ನು: ಮಕ್ಕಳ ಸಂಖ್ಯೆ, ಅವರ ಜಾತಿ, ಅವರ ಆಧಾರ್. ನಮೂನೆಗಳು ಮಾತ್ರ ಬೇರೆ ಬೇರೆ. ಶಾಲೆ ತೆರೆಯಲು ನಾಲ್ಕು ದಿನ ಉಳಿದಿದ್ದವು. ಇಪ್ಪತ್ತೆರಡು ವರ್ಷ ಇದೇ ವೃತ್ತಿಯಲ್ಲಿದ್ದವನ ಹಳೆಯ ಚಾಳಿಯಿಂದ, "ಪಾಠಟಿಪ್ಪಣಿ ಆಯಿತೇನಮ್ಮ?" ಎಂದೆ. "ಪುಸ್ತಕದ ಕಟ್ಟನ್ನೇ ಬಿಚ್ಚಿಲ್ಲ ಸರ್" ಎಂದರು.

ಶಿಕ್ಷಕರಿಗೆ ಒಂದೂವರೆ ತಿಂಗಳ ಬೇಸಿಗೆ ರಜೆ ಇದೆಯಲ್ಲ, ಅದರಲ್ಲಿ ಸಿದ್ಧತೆ ಮಾಡಿಕೊಳ್ಳಬಾರದೇ ಎಂದು ನಮ್ಮಲ್ಲಿ ಹಲವರು ಕೇಳುವುದುಂಟು. ರಜೆ ಕ್ಯಾಲೆಂಡರಿನಲ್ಲಿ ಇದೆ, ನಿಜ. 2024ರಲ್ಲಿ ಮುಂಬಯಿಯ ಲೋಕಸಭಾ ಮತದಾನ ನಡೆದುದು ಮೇ 20ರಂದು, ಎಣಿಕೆ ಜೂನ್ 4ರಂದು. ಮತಗಟ್ಟೆಯ ಕರ್ತವ್ಯ, ಅದಕ್ಕೆ ಮುನ್ನ ತರಬೇತಿ, ನಡುವೆ ಆದೇಶಕ್ಕಾಗಿ ಕಾಯುವ ದಿನಗಳು. ಕರ್ತವ್ಯದ ಪಟ್ಟಿಯಲ್ಲಿದ್ದ ಶಿಕ್ಷಕರಿಗೆ ಊರಿನ ರೈಲು ಟಿಕೆಟನ್ನು ರದ್ದು ಮಾಡುವುದೇ ರಜೆಯ ಮೊದಲ ಕೆಲಸವಾಯಿತು. 2027ರ ಜನಗಣತಿಯ ಮೊದಲ ಹಂತವಾದ ಮನೆಪಟ್ಟಿಗೆ ದೇಶದಲ್ಲಿ ಗೊತ್ತುಮಾಡಿದ ಅವಧಿ 2026ರ ಏಪ್ರಿಲಿನಿಂದ ಸೆಪ್ಟೆಂಬರ್. ಶಾಲೆ ಮುಚ್ಚುವುದೂ ತೆರೆಯುವುದೂ ಅದರೊಳಗೇ ಬರುತ್ತವೆ. ತಾಯ್ನಾಡಿನಲ್ಲಾದರೂ ಸ್ಥಿತಿ ಮೇಲೆಂದು ಬೀಗುವಂತಿಲ್ಲ. 2025ರ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗೆ ಶಿಕ್ಷಕರನ್ನೇ ನೆಚ್ಚಿದ ಕರ್ನಾಟಕ ಸರ್ಕಾರ, ಕೆಲಸ ಮುಗಿಯದೆ, ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಮುಂದುವರಿಸಬೇಕಾಯಿತು.

ಕಾನೂನು ಏನು ಹೇಳುತ್ತದೆ? 2009ರ ಶಿಕ್ಷಣ ಹಕ್ಕು ಕಾಯಿದೆಯ 27ನೆಯ ಕಲಮು ಶಿಕ್ಷಕರನ್ನು ಶಿಕ್ಷಣೇತರ ಕೆಲಸಕ್ಕೆ ಹಚ್ಚಕೂಡದೆಂದು ವಿಧಿಸಿ, ದಶವಾರ್ಷಿಕ ಜನಗಣತಿ, ವಿಪತ್ತು ಪರಿಹಾರ ಮತ್ತು ಚುನಾವಣೆ ಈ ಮೂರಕ್ಕೆ ವಿನಾಯಿತಿ ಕೊಟ್ಟಿದೆ. ಅದಕ್ಕೂ ಮುನ್ನ, 2007ರ ಡಿಸೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಮತದಾರರ ಪಟ್ಟಿಯ ಪರಿಷ್ಕರಣೆ ಮತ್ತು ಚುನಾವಣೆಯ ಕೆಲಸಗಳಿಗೆ ಶಿಕ್ಷಕರನ್ನು ರಜಾದಿನಗಳಲ್ಲಿ ಹಾಗೂ ಪಾಠವಿಲ್ಲದ ದಿನಗಳಲ್ಲಿ ತೊಡಗಿಸಬೇಕು, ಪಾಠದ ದಿನಗಳಲ್ಲಿ ಸಾಮಾನ್ಯವಾಗಿ ತೊಡಗಿಸಬಾರದು ಎಂದಿತು. ಮಗುವಿನ ಪಾಠ ಕೆಡಬಾರದೆಂಬ ಸದುದ್ದೇಶ ಇದರಲ್ಲಿ ಸ್ಪಷ್ಟ. ಆದರೆ ಪರಿಣಾಮವನ್ನು ನೋಡಿ: ಪಾಠವಿಲ್ಲದ ದಿನವೆಂದರೆ ಕೆಲಸವಿಲ್ಲದ ದಿನ ಎಂಬ ಅರ್ಥ ಬಂದುಬಿಟ್ಟಿತು. ಶಿಕ್ಷಕ ಓದಿಕೊಳ್ಳುವ, ಚಿತ್ರಪಟ ಬರೆಯುವ, ಹೊಸ ಪಠ್ಯದ ಕಷ್ಟದ ಪಾಠಗಳನ್ನು ಗುರುತಿಸಿಕೊಳ್ಳುವ ದಿನಗಳು ಯಾರ ಲೆಕ್ಕಕ್ಕೂ ಸೇರಲಿಲ್ಲ.

ಅದೇ ಶಿಕ್ಷಣ ಹಕ್ಕು ಕಾಯಿದೆಯ ಅನುಸೂಚಿಯಲ್ಲಿ ಇನ್ನೊಂದು ಮಾತಿದೆ. ಅದನ್ನು ಓದಿದ ಅಧಿಕಾರಿಯನ್ನು ನಾನಿನ್ನೂ ಕಂಡಿಲ್ಲ. ಐದನೆಯ ತರಗತಿಯವರೆಗೆ ವರ್ಷಕ್ಕೆ 200 ದಿನ, ಆರರಿಂದ ಎಂಟಕ್ಕೆ 220 ದಿನ ಎಂದು ಹೇಳಿದ ಮೇಲೆ, ಶಿಕ್ಷಕರ ದುಡಿಮೆ ಸಿದ್ಧತೆಯ ಗಂಟೆಗಳೂ ಸೇರಿ ವಾರಕ್ಕೆ ಕನಿಷ್ಠ 45 ಗಂಟೆ ಎಂದಿದೆ. ಸಿದ್ಧತೆಯೂ ದುಡಿಮೆ ಎಂದು ಕಾಯಿದೆಯೇ ಒಪ್ಪಿದೆ. 200 ದಿನಗಳ ಲೆಕ್ಕವನ್ನು ಕಟ್ಟುನಿಟ್ಟಾಗಿ ಕೇಳುವ ಕಚೇರಿಗಳು ಈ ಗಂಟೆಗಳ ಲೆಕ್ಕವನ್ನು ಒಮ್ಮೆಯೂ ಕೇಳುವುದಿಲ್ಲ.

ಕನ್ನಡ ಶಾಲೆಯ ಶಿಕ್ಷಕರ ಪಾಡು ಇನ್ನೂ ಒಂದು ಕೈ ಹೆಚ್ಚು. ಬಾಲಭಾರತಿಯ ಪಠ್ಯಪುಸ್ತಕವೇನೋ ಕನ್ನಡದಲ್ಲಿ ದೊರೆಯುತ್ತದೆ. ಆದರೆ ತರಬೇತಿ, ಸೂಚನೆ, ಮಾದರಿ ಪ್ರಶ್ನೆ ಬಹುಪಾಲು ಮರಾಠಿಯಲ್ಲಿ. ಹೊರನಾಡಿನಲ್ಲಿ ಆ ರಾಜ್ಯದ ಭಾಷೆಯನ್ನು ಕಲಿಯಬೇಕಾದುದು ನ್ಯಾಯವೇ. ಅದರ ಬಗ್ಗೆ ನನಗೆ ತಕರಾರಿಲ್ಲ. ಆದರೆ ಮರಾಠಿ ಶಾಲೆಯ ಶಿಕ್ಷಕ ಒಮ್ಮೆ ಓದಿ ಬಳಸುವುದನ್ನು ನಮ್ಮವರು ಓದಿ, ಅನುವಾದಿಸಿ, ಮತ್ತೆ ಬರೆದು ಬಳಸಬೇಕು. ಮಕ್ಕಳ ಸಂಖ್ಯೆ ಇಳಿದು ಶಿಕ್ಷಕರೂ ಇಳಿದಿರುವ ಶಾಲೆಗಳಲ್ಲಿ ಒಬ್ಬರೇ ಎರಡು ಮೂರು ತರಗತಿಗಳನ್ನು ಒಂದೇ ಕೋಣೆಯಲ್ಲಿ ನಡೆಸುತ್ತಾರೆ. ಒಂದು ಗುಂಪು ಬರೆಯುತ್ತಿರುವಾಗ ಇನ್ನೊಂದಕ್ಕೆ ಲೆಕ್ಕ ಹೇಳಿಕೊಡಬೇಕು. ಇಂಥ ತರಗತಿಯನ್ನು ಸಿದ್ಧತೆಯಿಲ್ಲದೆ ನಡೆಸಲಾಗದು, ಹೆಚ್ಚೆಂದರೆ ಕಾಯಬಹುದು.

ಇದರ ಮೇಲೆ ಮಕ್ಕಳನ್ನು ಹುಡುಕಿ ತರುವ ಕೆಲಸ. ಇಂದು ನಮ್ಮ ಕನ್ನಡ ಶಾಲೆಗಳ ಬೆಂಚುಗಳಲ್ಲಿ ಕುಳಿತವರಲ್ಲಿ ಹೆಚ್ಚಿನವರು ಸಂಘದ ಸದಸ್ಯರ ಮಕ್ಕಳಲ್ಲ. (ನಮ್ಮ ಮಕ್ಕಳು ಎಲ್ಲಿ ಓದುತ್ತಾರೆಂಬುದು ನಮಗೆಲ್ಲ ಗೊತ್ತು.) ವಿಜಯಪುರ, ಕಲಬುರಗಿ, ಯಾದಗಿರಿಗಳಿಂದ ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು ಅವರು. ಬೇಸಿಗೆಗೆ ಊರಿಗೆ ಹೋದ ಸಂಸಾರ ಕಾರಹುಣ್ಣಿಮೆ, ಬಿತ್ತನೆ ಮುಗಿಸಿಕೊಂಡು ಬರುವ ಹೊತ್ತಿಗೆ ಪಟ್ಟಿಯ ಗಡುವು ಮುಗಿದಿರುತ್ತದೆ. ಹಾಗಾಗಿ ಶಿಕ್ಷಕಿ ಮಳೆಯಲ್ಲಿ ಜೋಪಡಿಗಳ ಸಂದುಗಳನ್ನು ಸುತ್ತುತ್ತಾರೆ, ಬೀಗ ಹಾಕಿದ ಬಾಗಿಲುಗಳ ಮುಂದೆ ನಿಂತು ನೆರೆಯವರನ್ನು ವಿಚಾರಿಸುತ್ತಾರೆ. ಮಕ್ಕಳು ಸಿಗದಿದ್ದರೆ ಮಂಜೂರಾದ ಹುದ್ದೆ ಹೋಗುತ್ತದೆ, ಹುದ್ದೆ ಹೋದರೆ ತರಗತಿ.

ಆಡಳಿತವನ್ನು ದೂರುವಾಗ ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು. ರಾಜ್ಯೋತ್ಸವದ ನೃತ್ಯಕ್ಕೆ ಮಕ್ಕಳು ಬೇಕೆಂದು ಅಕ್ಟೋಬರಿನಲ್ಲಿ ಇದೇ ಶಿಕ್ಷಕಿಯರಿಗೆ ಫೋನು ಮಾಡುವವರು ನಾವು. ತಾಲೀಮು ಅವರದು, ವೇಷಭೂಷಣ ಅವರದು, ವೇದಿಕೆಯ ಮೇಲಿನ ಹಾರ ಮಾತ್ರ ನಮ್ಮದು. ಕಳೆದ ಬಾರಿ ನಾನೇ ಎರಡು ಸಲ ಫೋನು ಮಾಡಿದ್ದೆ.

ಶಾಲೆ ತೆರೆಯುವ ಮುನ್ನ ಕನಿಷ್ಠ ಮೂರು ದಿನ ಶಿಕ್ಷಕರಿಗೆ ಸಭೆ, ತರಬೇತಿ, ಮಾಹಿತಿಪತ್ರ ಯಾವುದನ್ನೂ ಕೊಡದೆ ತರಗತಿಯ ಸಿದ್ಧತೆಗೇ ಬಿಡಬೇಕು. ಒಮ್ಮೆ ಕೊಟ್ಟ ಮಾಹಿತಿಯನ್ನು ಮತ್ತೆ ಕೇಳಬಾರದು ಎಂದು ಶಿಕ್ಷಣ ಇಲಾಖೆಗೆ ಮನವಿ ಸಲ್ಲಿಸಲು ನಮ್ಮ ಕಾರ್ಯಕಾರಿ ಸಮಿತಿ ತೀರ್ಮಾನಿಸಿದೆ. ಉತ್ತರ ಬರುವ ತನಕ ಕೈಕಟ್ಟಿ ಕೂರುವುದು ಬೇಡ. ಬ್ಯಾಂಕು, ರೈಲ್ವೆ, ವಿಮಾ ಕಚೇರಿಗಳಿಂದ ನಿವೃತ್ತರಾದ ನಮ್ಮ ಸದಸ್ಯರಲ್ಲಿ ಮರಾಠಿ ಬಲ್ಲವರು, ಕಂಪ್ಯೂಟರ್ ಬಲ್ಲವರು ಸಾಕಷ್ಟಿದ್ದಾರೆ. ಮೇ ಕೊನೆಯಿಂದ ಜುಲೈವರೆಗೆ ಪ್ರತಿ ಶನಿವಾರ ಸಂಜೆ ಐದಕ್ಕೆ ಸಂಘದ ಕಚೇರಿ ಶಿಕ್ಷಕರಿಗಾಗಿ ತೆರೆದಿರುತ್ತದೆ. ಸುತ್ತೋಲೆ ಓದಿ ಹೇಳಲು, ನಮೂನೆ ತುಂಬಲು, ಪ್ರಶ್ನೆಪತ್ರಿಕೆ ಕನ್ನಡಕ್ಕೆ ತರಲು ಒಪ್ಪುವವರು ಕಾರ್ಯದರ್ಶಿಗಳಲ್ಲಿ ಹೆಸರು ಬರೆಸಿ. ಮೊದಲ ಹೆಸರಾಗಿ ನನ್ನದನ್ನು ಬರೆಸಿದ್ದೇನೆ. ಕನ್ನಡಕ ಮರೆಯದೆ ತನ್ನಿ. ಆ ಸುತ್ತೋಲೆಗಳ ಅಕ್ಷರ ಬಹಳ ಸಣ್ಣದು.